ಪಕ್ಕದ ಫೋಟೋ

ಘಾಟ್ಕೋಪರಿನ ಈ ಗಲ್ಲಿಯಲ್ಲಿ ಕನ್ನಡ ಅಕ್ಷರ ಕೂಡಿಸುವವಳು
ನಾನೊಬ್ಬಳೇ. ಹಾಗಾಗಿ ಮದುವೆ, ಬೊಜ್ಜ, ಚುನಾವಣೆ
ಎಲ್ಲವೂ ನನ್ನ ಮೇಜಿಗೇ ಬರುತ್ತವೆ,
ಎಲ್ಲವೂ ನಾಳೆಗೇ ಬೇಕು.

ಇವತ್ತು ಕರುಣಾಕರ ಮೆಂಡನ್ ಬಂದರು.
ಪತ್ತಿನ ಸಂಘದ ಅಧ್ಯಕ್ಷ ಸ್ಥಾನಕ್ಕೆ ನಿಂತಿದ್ದಾರೆ.
ಉನ್ನತ ಹುದ್ದೆ. ನಿಜವೇ: ಕಚೇರಿ ನಾಲ್ಕನೇ ಮಹಡಿಯಲ್ಲಿ,
ಲಿಫ್ಟು ಕೆಟ್ಟು ಎರಡು ಮಹಾಸಭೆ ಕಳೆದಿವೆ.

"ಇದು ನನ್ನ ಫೋಟೋ. ಗಲ್ಲದ ಕೆಳಗೆ ಸ್ವಲ್ಪ ನೋಡಿಕೊಳ್ಳಮ್ಮ."
ನೋಡಿಕೊಂಡೆ. ಹತ್ತು ವರ್ಷ ಇಳಿಯಿತು.
"ಪಕ್ಕದಲ್ಲಿ ಉಪಾಧ್ಯಕ್ಷರದ್ದು. ಯಾರದೆಂದು ಇನ್ನೂ..."
ಪರದೆಯ ಮೇಲೊಂದು ಬೂದು ಚೌಕ ಎಳೆದೆ.
ಅವರು ಅದರೊಳಗೆ ಬಗ್ಗಿ ನೋಡಿದರು,
ಬಾವಿಗೆ ಬಿದ್ದ ಕೊಡಪಾನ ಹುಡುಕುವವರ ಹಾಗೆ.

ಸಾಲಿಯಾನ್ ಆದರೆ ಅಂಧೇರಿಯ ಇನ್ನೂರು ಓಟು ಕಿಸೆಯಲ್ಲಿ,
ಆದರೆ ಅವನ ನಗು ನನ್ನದಕ್ಕಿಂತ ಚೆಂದ.
ಪ್ರೊಫೆಸರ್ ಹೆಜಮಾಡಿ? ಡಿಗ್ರಿಗಳೇ ಎರಡು ಸಾಲು;
ಮೈಕು ಸಿಕ್ಕರೆ ಬಡಿಸಿದ ಅನ್ನ ಆರುತ್ತದೆ.
ಭಾವಮೈದ ಇದ್ದಾನೆ, ಹೇಳಿದಲ್ಲಿ ಸಹಿ ಹಾಕುತ್ತಾನೆ.
"ಅದೇ ಹೆದರಿಕೆ," ಎಂದರು,
"ಯಾರು ಹೇಳಿದರೂ ಹಾಕುತ್ತಾನೆ."

ಕೇಳಿಸಿಕೊಳ್ಳುತ್ತಾ ನಾನು ಒತ್ತಕ್ಷರ ತಿದ್ದುತ್ತಿದ್ದೆ.
ನಮ್ಮ ಲಿಪಿಯಲ್ಲಿ ಒತ್ತು ಕೂರುವುದು ಕೆಳಗೆ, ಗಾತ್ರದಲ್ಲಿ ಕಿರಿದು.
ಹೊಸ ಫಾಂಟಿನಲ್ಲಿ ಒಮ್ಮೊಮ್ಮೆ ಕಳಚಿಹೋಗುತ್ತದೆ;
ಆಗ ಅಧ್ಯಕ್ಷರಲ್ಲಿ ಉಳಿಯುವುದು ಬರೀ 'ಅಧಕ'.
ಅದಕ್ಕೆ ಯಾವ ನಿಘಂಟಿನಲ್ಲೂ ಅರ್ಥವಿಲ್ಲ.

"ಗಿರಿಜಾ ಸುವರ್ಣ?" ಎಂದೆ, ಕೀಲಿಮಣೆಯಿಂದ ಕಣ್ಣೆತ್ತದೆ.
"ಪಿಗ್ಮಿಯವಳಾ?"

ಹೌದು, ಪಿಗ್ಮಿಯವಳು. ಇಪ್ಪತ್ತಾರು ವರ್ಷದಿಂದ
ಇಡ್ಲಿ ಗಾಡಿ, ಇಸ್ತ್ರಿ ಅಂಗಡಿ, ಹೂವಿನ ಬುಟ್ಟಿಗಳಿಂದ
ಐವತ್ತು, ನೂರು ಎತ್ತಿ
ಸಂಜೆ ಆ ನಾಲ್ಕು ಮಹಡಿ ಹತ್ತಿ ಕಟ್ಟುವವಳು.
ಯಾರು ಮೂರು ದಿನ ಕೊಡಲಿಲ್ಲ ಎಂಬುದು ಪುಸ್ತಕಕ್ಕೂ ಗೊತ್ತು;
ಯಾಕೆ ಕೊಡಲಿಲ್ಲ ಎಂಬುದು ಅವಳಿಗೆ.
ಗಲ್ಲಿಯಲ್ಲಿ ಸೊಂಟದ ಮಟ್ಟ ನೀರು ನಿಂತ ದಿನ
ಪಾಸ್‌ಬುಕ್ಕುಗಳನ್ನು ಬುತ್ತಿಯ ಡಬ್ಬಿಗೆ ತುಂಬಿ
ತಲೆಯ ಮೇಲೆ ಹೊತ್ತು ತಂದಳು,
ಬುತ್ತಿಯನ್ನು ನೀರಿಗೆ ಬಿಟ್ಟು.

"ಒಳ್ಳೆಯವಳೇ. ಆದರೆ ಅರ್ಹತೆ ಅಂತ
ಅವಳ ಹೆಸರಿನ ಕೆಳಗೆ ಏನು ಬರೆಯುತ್ತೀ?"

ಬೆರಳು ನಿಂತಿತು. ಎಂಟನೇ ಕ್ಲಾಸು ಎಂದು ಬರೆಯಲೇ?
ಸಿಟ್ಟಿಗೋ ಏನೋ, ಬಾಯಿಗೆ ಬಂದದ್ದು ಕೇಳಿಬಿಟ್ಟೆ:
"ಬೈಪಾಸಿಗೆ ಮಲಗಿದಾಗ ಅಂಗಡಿಯ ಬೀಗದ ಕೈ
ಯಾರ ಹತ್ತಿರ ಕೊಟ್ಟಿದ್ದಿರಿ?"

ಅವರ ಕೈ ಅಂಗಿಯ ಮೂರನೇ ಗುಂಡಿಗೆ ಹೋಯಿತು.
"ಅದು ಬೇರೆ," ಎಂದರು.
ಕನ್ನಡಕ ಹುಡುಕಿದರು. ಹಣೆಯ ಮೇಲಿತ್ತು.
ಮುಂಗಡದ ಐನೂರು ಇಟ್ಟು, ಛತ್ರಿ ಮರೆತು ಹೋದರು.

ಆಮೇಲೆ ನನಗೇ ಸಂಕೋಚ. ಅವಳನ್ನು ಕೇಳಿದ್ದೇನೆಯೇ? ಇಲ್ಲ.
ಮಂಡಿನೋವು ಅವಳಿಗೆ; ವೇದಿಕೆಯೆಂದರೆ ಅಲರ್ಜಿ.
"ನಿನಗೆ ಬೇರೆ ಕೆಲಸ ಇಲ್ಲವಾ ಮಾರಾಯ್ತಿ" ಎಂದಾಳು.
ಯೋಗ್ಯರನ್ನು ಆರಿಸುವ ಹುರುಪಿನಲ್ಲಿ
ನಾವು ಅವರ ಕಾಲನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ರಾತ್ರಿ ಹತ್ತೂವರೆಗೆ ಫೋನು.
"ಆ ಚೌಕ ಇದೆಯಲ್ಲ, ತುಸು ದೊಡ್ಡದು ಮಾಡು."
"ಎಷ್ಟು?"
ಅತ್ತ ಟಿವಿಯ ಸದ್ದು, ಯಾರೋ ಬಾಗಿಲು ಹಾಕಿದ್ದು.
"ನನ್ನಷ್ಟೇ."
"ಹೆಸರು?"
"ಸಾಲಿಯಾನ್ ಫೋನು ಎತ್ತುತ್ತಿಲ್ಲ. ನೋಡೋಣ, ನಾಳೆ."

ಎರಡೂ ಚೌಕ ಸಮ ಮಾಡಿ ಉಳಿಸಿಟ್ಟೆ.
ಒಂದರಲ್ಲಿ ನಗು, ಒಂದರಲ್ಲಿ ಬೂದಿ ಬಣ್ಣ.
ನಾಳೆ ಹನ್ನೊಂದಕ್ಕೆ ಅವಳು ನನ್ನ ಐವತ್ತಕ್ಕೆ ಬರುತ್ತಾಳೆ.
ಚಿಲ್ಲರೆ ತೆಗೆದಿಟ್ಟೆ.
ಪರದೆಯನ್ನು ಗೋಡೆಯ ಕಡೆ ತಿರುಗಿಸಿಡಬೇಕು.