ಕೈಗೆಟುಕದ ಜಾಗ

ಕುತೈಸಿಯ ಬೀದಿಯಲ್ಲಿ ಬೆಳಗಿನ ಜಾವ ನಾಲ್ಕಕ್ಕೆ
ನುಗ್ಜಾರ್ ತಲೆಕೆಳಗಾಗಿ ಒಲೆಯೊಳಕ್ಕೆ ಇಳಿಯುತ್ತಾನೆ.
ಬಾವಿಯಂಥ ಮಣ್ಣೊಲೆ; ತಳದಲ್ಲಿ ಕೆಂಡ.
ದೋಣಿಯಾಕಾರದ ರೊಟ್ಟಿಯನ್ನು ಒಳಗೋಡೆಗೆ ಬಡಿದು
ಏಳುವಾಗ ಸೊಂಟ ಏಳುತ್ತದೆ, ತಲೆ ಏಳುತ್ತದೆ,
ಎರಡು ಹೆಗಲ ನಡುವಿನದೊಂದು ಮಾತ್ರ
ಅಲ್ಲೇ ಬಗ್ಗಿ ಉಳಿಯುತ್ತದೆ.

ಹನ್ನೊಂದು ವರ್ಷ.
ಬಲಗೈ ಮೇಲಿಂದ, ಎಡಗೈ ಕೆಳಗಿಂದ,
ಎರಡೂ ಮುಟ್ಟದ ನಾಲ್ಕು ಬೆರಳಗಲ.
ಝುಝುನಾ ಮುಲಾಮು ಹಚ್ಚುವಾಗ
'ಅಲ್ಲಲ್ಲ, ಮೇಲೆ. ಅಲ್ಲ, ಒಳಗೆ' ಅನ್ನುತ್ತಾನೆ.
ಒಳಗೆ ಹೇಗೆ ಹಚ್ಚಲಿ, ಅನ್ನುತ್ತಾಳೆ ಅವಳು.

ಎಕ್ಸ್‌ರೇ ನೋಡಿದವರು ಹೇಳಿದರು: ಏನೂ ಇಲ್ಲ.
ಆ 'ಏನೂ ಇಲ್ಲ'ವನ್ನು ಲಕೋಟೆಯಲ್ಲಿಟ್ಟುಕೊಂಡು
ಬಸ್ಸಿನ ಸೀಟಿಗೆ ಒರಗಲಾರದೆ ಮನೆಗೆ ಬಂದ.
ಬೆನ್ನು ತಟ್ಟಿದವರೂ ಉಂಟು, 'ಗಂಡಸಲ್ಲವೇನೋ' ಎಂದು,
ಸರಿಯಾಗಿ ಅಲ್ಲಿಗೇ.

ಈ ಚಳಿಗಾಲ ಸಿಕ್ಕವಳು ಎತೇರಿ. ಕುಳ್ಳಿ, ಸಿಡುಕಿ.
ಮೊದಲಿಗೆ ಮುಟ್ಟಲೇ ಇಲ್ಲ. ಕುರ್ಚಿ ತೋರಿಸಿ
'ಇದೇ ಒಲೆ. ರೊಟ್ಟಿ ಬಡಿ' ಅಂದಳು.
ಬಡಿದ.
'ದಿನಕ್ಕೆ ಎಷ್ಟು ಸಲ?'
ಮಾರಿದ್ದು ಎಣಿಸಿದ್ದ, ಬಗ್ಗಿದ್ದು ಎಣಿಸಿರಲಿಲ್ಲ.
ನಾನೂರು, ಅಂದ. ಅಂದವನೇ ಕೂತುಬಿಟ್ಟ.

ಹೋಗುತ್ತದೆ ಅಂತ ಅವಳು ಹೇಳಲಿಲ್ಲ.

ಈಗ ನೂರಕ್ಕೊಮ್ಮೆ ಬಾಗಿಲಿಗೆ ಬಂದು
ಚೌಕಟ್ಟಿಗೆ ಎರಡೂ ಮೊಣಕೈ ಒತ್ತಿ
ಎದೆಯನ್ನು ಬೀದಿಯ ಚಳಿಗೆ ಚಾಚಿ ನಿಲ್ಲುತ್ತಾನೆ.
ನೋವೂ ಬಂದು ನಿಲ್ಲುತ್ತದೆ, ತುಸು ಹಿಂದೆ.
'ಮುಚ್ಚಿತೇನಪ್ಪಾ ಅಂಗಡಿ?' ಕೇಳುತ್ತಾಳೆ ಚೀಲ ಹಿಡಿದ ಮುದುಕಿ.
'ಇಲ್ಲ ತಾಯಿ, ತಾಳಿ, ತೆರೀತಿದ್ದೀನಿ.'
ಒಳಗೆ ಯಾವುದೋ ರೊಟ್ಟಿ ಸೀಯುತ್ತಿರುತ್ತದೆ.