ಇಲ್ಲೀತನಕ

ಹುಬ್ಬಳ್ಳಿ ವಕೀಲರ ಕರಡು, ಮೂರು ಪುಟ.
ನಾಲ್ಕನೇ ಸಾಲಿನಲ್ಲೇ ತಡವರಿಸಿದೆ:
ಹಿದರ್‌ಟೂ.
ನನ್ನ ರೆಮಿಂಗ್ಟನ್ನಿನಲ್ಲಿ ಎಚ್‌ಗೆ ತಲೆ ಮುರಿದು ವರ್ಷವಾಗಿತ್ತು,
ಹೊಡೆದರೆ ಎನ್ ಆಗಿ ಬೀಳುತ್ತಿತ್ತು,
ಈ ಒಂದೇ ಪದದಲ್ಲಿ ಎರಡು ಸಲ.
ಆಮೇಲೆ ಪೆನ್ನಿನಿಂದ ತಲೆ ಇಡಬೇಕು.

ಎದುರು ಬೆಂಚಿನಲ್ಲಿ, ನಡುವೆ ಒಬ್ಬರು ಕೂಡುವಷ್ಟು ಜಾಗ ಬಿಟ್ಟು,
ಗೂಳಪ್ಪ ಮೋಟೆಬೆನ್ನೂರ, ಖಾಜಾಸಾಬ ಕಾಟೇನಹಳ್ಳಿ,
ಮೂವತ್ತೊಂದು ವರ್ಷ ಕೂಡಿ ಮೆಣಸಿನಕಾಯಿ ದಲಾಲಿ ಮಾಡಿದವರು.
ಬ್ಯಾಡಗಿ ಪೇಟೆಯ ಘಾಟು ಓಣಿ ದಾಟಿ ಬಂದು
ಮೂವರಿಗೂ ಸಮನಾಗಿ ಸೀನು ಹಂಚಿತು.

‘ಯಾಕ್ರಿ, ಅಲ್ಲೇ ನಿಂತ್ರಿ?’
‘ಒಂದು ಶಬ್ದ. ಇಲ್ಲೀತನಕ ಅಂತ ಅರ್ಥ.’
ಖಾಜಾಸಾಬರು ಇನ್ನೊಮ್ಮೆ ಓದಿಸಿದರು.
‘ಇಧರ್ ಅಂದ್ಹಂಗ ಕೇಳಸ್ತೈತಲ್ಲೋ ಗೂಳಪ್ಪ, ನಮ್ಮನಿ ಮಾತು!’
ಗೂಳಪ್ಪ ನಗಲಿಲ್ಲ.
ನಗು ಬಂದಿತ್ತು, ಮೀಸೆಯಲ್ಲಿ ಕಂಡೆ.

ರಾತ್ರಿ ಮಗಳ ಡಿಕ್ಷನರಿ ತೆಗೆದೆ.
ಹಿದರ್ ಅಂದರೆ ಇತ್ತ. ಟೂ ಅಂದರೆ ತನಕ.
ಮೊದಲು ನಡೆದು ಬರುವವರ ಮಾತು,
ಇತ್ತ ಬಾ ಎಂದು ಕೈಮಾಡುವಂಥದು.
ನಮ್ಮದೂ ಹಾಗೇ ಅಲ್ಲವೆ?
ಇಲ್ಲಿ ಅಂದರೆ ಪಾದದಡಿಯ ನೆಲ;
‘ಇಲ್ಲೀತನಕ ಊಟ ಆಗಿಲ್ಲ’ ಅಂದಾಗ ಆ ನೆಲ ಎಲ್ಲಿ?
ಕಾಲು ಎಲ್ಲಿ ಕಾಲವಾಯಿತೋ
ಯಾವ ಡಿಕ್ಷನರಿಗೂ ಗೊತ್ತಿದ್ದಂತಿಲ್ಲ.

ಆದರೂ ಕರಡಿನಲ್ಲಿ ಅದರ ನಡತೆ ಬೇರೆ.
ಕೋಟು ತೊಟ್ಟ ಪದ, ಓಣಿಯಲ್ಲಿ ಯಾರೂ ಆಡುವುದಿಲ್ಲ.
ಹಿದರ್‌ಟೂ ಕೂಡಿ ವ್ಯಾಪಾರ ಮಾಡುತ್ತಿದ್ದ ಸದರಿ ಇಬ್ಬರು
ಎಂದು ಓದಿದರೆ ಸಾಕು,
ಮುಂದಿನ ಸಾಲು ಕೊಯ್ಯುತ್ತದೆ ಎಂದು ಗೊತ್ತಾಗುತ್ತದೆ.
ಅದು ಒಳಗೆ ಬರುವುದೇ ಚಿಲಕದ ಮೇಲೆ ಕೈಯಿಟ್ಟು.
ತಕ್ಕಡಿ ಗೂಳಪ್ಪನಿಗೆ,
ತೂಕದ ಕಲ್ಲು ಖಾಜಾಸಾಬನಿಗೆ,
ಎಂದಿತ್ತು ಎರಡನೇ ಪುಟ.
ವಕೀಲರು ಏನನ್ನೂ ತೂಗಿದವರಲ್ಲ.

ಮರುದಿನ ಗೂಳಪ್ಪನಿಗೆ ಮಂಡಿ ಹಿಡಿದಿತ್ತು.
ಸಹಿಗೆಂದು ನಾವೇ ಹೋದೆವು.
ಖಾಜಾಸಾಬರು ಅಂಗಳದಲ್ಲೇ ನಿಂತರು, ಚಪ್ಪಲಿ ಬಿಡದೆ,
ಕಣ್ಣು ಎದುರು ಮನೆಯ ಬೇವಿನ ಕಡೆ.
ಗುರಸಿದ್ದವ್ವ ಸೆರಗಿಗೆ ಕೈ ಒರೆಸುತ್ತ ಬಂದಳು:
‘ಇಲ್ಲೀತನಕ ಬಂದೀರಿ, ಒಳಗ ಬರ್ರಿ.’

ಅದೇ ಪದ.
ಯಾರೂ ತಿದ್ದದ, ಯಾರೂ ಟೈಪು ಮಾಡದ ಅದೇ ಪದ
ಹೊಸ್ತಿಲ ಮೇಲೆ ನಿಂತು ದಾರಿ ಬಿಡುತ್ತಿತ್ತು.

ಸಹಿ ಆಯಿತು. ಅದೇನೂ ತಪ್ಪಲಿಲ್ಲ.
ಒಗ್ಗರಣೆ ಚುರುಮುರಿ ಬಂತು, ಚಹಾ ಬಂತು.
‘ಕಲ್ಲಿಲ್ಲದ ತಕ್ಕಡಿ ತಗೊಂಡು ಏನ್ ಮಾಡ್ಲೋ?’
‘ತೂಗೂದಿದ್ರ ಹೇಳಿ ಕಳಸು.’
ನಾನು ತಲೆ ತಗ್ಗಿಸಿ, ಕೊನೇ ಪುಟದ ಬುಡಕ್ಕೆ
ಬಿಕ್ಕಲಂ ಎಂದು ನನ್ನ ಹೆಸರು ಹಾಕಿ
ಪುಟ ತಿರುವಿದರೆ,
ಹಿದರ್‌ಟೂವಿನ ಎರಡನೇ ಎಚ್ ಇನ್ನೂ ಎನ್ ಆಗಿಯೇ ಇತ್ತು.
ಪೆನ್ನಿನ ಮುಚ್ಚಳ ತೆಗೆದೆ.
ಚಹಾ ಆರುತ್ತದೆ ಅಂದಳು ಗುರಸಿದ್ದವ್ವ.
ಹಾಗೇ ಬಿಟ್ಟೆ.