ಕಳ್ಳನ ಕ್ಷೇಮ

ತುಶೇತಿಯ ಕಣಿವೆಗೆ ಇನ್ನೂ ಬೆಳಕು ಇಳಿದಿಲ್ಲ.
ಕುರಿಹಟ್ಟಿಯ ಮುಂದೆ ನುಗ್ಜಾರ್ ಮಂಡಿಯೂರಿ
ಬೊಂಬೋರಾನ ತುಟಿಯೆತ್ತಿ ನೋಡುತ್ತಾನೆ:
ಒತ್ತಿದ ವಸಡು ಬಿಳಿಚಿ,
ಬಿಟ್ಟ ಗಳಿಗೆಗೇ ನಸುಗೆಂಪು ಓಡಿಬರುತ್ತದೆ
ಹೆಸರು ಕೂಗಿದ ಮಗುವಿನ ಹಾಗೆ.

ಕತ್ತಿನ ತೊಗಲು ಎಳೆದು ಬಿಟ್ಟರೆ
ತಟ್ಟನೆ ತನ್ನ ಜಾಗಕ್ಕೆ.
ಪಕ್ಕೆಲುಬು ಬೆರಳಿಗೆ ಸಿಗುತ್ತವೆ, ಕಣ್ಣಿಗಿಲ್ಲ.
ಮೂಗೇನೋ ಒದ್ದೆ.
ಈ ಮಂಜಿನಲ್ಲಿ ಯಾರದು ಒದ್ದೆಯಿಲ್ಲ?

ಆದರೂ ಧೈರ್ಯ ಸಾಲದು.
ತೋಳ ಬಂದುಹೋದ ರಾತ್ರಿಯಿಂದ ಮೂರು ದಿನ
ರೊಟ್ಟಿ ಮೂಸಿ ಮುಖ ತಿರುಗಿಸಿದ ನಾಯಿ.

ಅಷ್ಟರಲ್ಲಿ ಒಳಗಿಂದ ಎತೇರಿಯ ಕೂಗು:
'ಇಲ್ಲಿಟ್ಟ ಚೀಸ್ ಗಡ್ಡೆ ಎಲ್ಲಿ?'

ಓಹೋ, ಬಾಯಿಯ ಆ ಹುಳಿವಾಸನೆ!
ಬೊಂಬೋರಾ ಬೆಟ್ಟದ ಕಡೆ ನೋಡುತ್ತದೆ,
ಏನೂ ಅರಿಯದ ಹಾಗೆ.

ಹೆಂಡತಿಗೆ ಕೇಳುವಷ್ಟು ಜೋರಾಗಿ ಬೈಯುತ್ತಾನೆ ನುಗ್ಜಾರ್.
ಬೈಯುತ್ತಲೇ
ನಾಯಿಯ ಮೀಸೆಗಂಟಿದ ಚೂರನ್ನು
ಹೆಬ್ಬೆರಳಲ್ಲಿ ಒರೆಸಿಬಿಡುತ್ತಾನೆ.